ಅಕ್ಕನ ಕೈ ಎರಡು ತುಂಡಾಗಿ ಕಾಣುತ್ತಿದ್ದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರಿನ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿದ ಮೊದಲ ಭಾನುವಾರವೇ ನಮ್ಮಕ್ಕನ ಮೊಣಕೈ ಒಂದು ಕಡೆ, ಮುಂಗೈ ಇನ್ನೊಂದು ಕಡೆ ಹೋಯಿತು. ಗಾಬರಿಯಾಗಬೇಡಿ. ಅಕ್ಕ ಉಡುಪಿ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಹಾಸ್ಟೆಲಿನ ತನ್ನ ಮಂಚದ ಮೇಲೆ ಗಟ್ಟಿಮುಟ್ಟಾಗಿಯೇ ಕೂತಿದ್ದಳು. ತುಂಡಾದದ್ದು ಹೊಸಪೇಟೆಯಲ್ಲಿ, ಚಿತ್ತವಾಡ್ಗಿಯ ನಮ್ಮ ಮನೆಯ ಮಾನಿಟರಿನೊಳಗೆ ಮಾತ್ರ.

ಅವಳು ಅಲ್ಲಾಡದೆ ಕೂತರೆ ಏನೂ ತೊಂದರೆಯಿಲ್ಲ, ಆಧಾರ್ ಕಾರ್ಡಿನ ಫೋಟೋಕ್ಕಿಂತ ಚೆನ್ನಾಗಿಯೇ ಕಾಣುತ್ತಿದ್ದಳು. ಕೈ ಎತ್ತಿದಳೋ, ಪರದೆಯ ನಟ್ಟನಡುವೆ ಯಾರೋ ಅಡ್ಡಗೆರೆ ಎಳೆದಂತಾಗಿ, ಗೆರೆಯ ಕೆಳಗಿನ ಕೈ ಮುಂದೆ ಹೋಗುತ್ತಿತ್ತು, ಮೇಲಿನದು ಹಿಂದೆ ಉಳಿಯುತ್ತಿತ್ತು. ನಮ್ಮ ಓಣಿಯ ಗೋಡೆಗೆ ಸಿನೆಮಾ ಪೋಸ್ಟರ್ ಅಂಟಿಸುತ್ತಿದ್ದವನು ಎರಡು ಹಾಳೆಯ ಪೋಸ್ಟರನ್ನು ಎಂದೂ ಸರಿಯಾಗಿ ಕೂಡಿಸಿದವನಲ್ಲ. ಹೀರೋನ ಮೂಗು ಎಡಕ್ಕಿದ್ದರೆ ಮೀಸೆ ಬಲಕ್ಕಿರುತ್ತಿತ್ತು. ಆ ಕಸುಬನ್ನು ಈಗ ನಮ್ಮ ಕಂಪ್ಯೂಟರ್ ಕೈಗೆತ್ತಿಕೊಂಡಿತ್ತು.

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಮಾನಿಟರ್ ಒಂದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ತೋರಿಸುತ್ತಾ ಬರುತ್ತದೆ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಕಂಪ್ಯೂಟರ್ ಅವಸರ ಮಾಡಿ ಮುಂದಿನ ಚಿತ್ರವನ್ನು ತಂದು ತುರುಕಿದರೆ ಮೇಲಿನರ್ಧ ಹಳೆಯದು, ಕೆಳಗಿನರ್ಧ ಹೊಸದು. ತಿಳಿದವರು ಇದನ್ನು ಸ್ಕ್ರೀನ್ ಟಿಯರಿಂಗ್ ಅನ್ನುತ್ತಾರೆ. ನಮ್ಮವ್ವ ಅಂದದ್ದು, "ನನ್ನ ಮಗಳ್ನ ಸವತಿಕಾಯಿ ಹೆಚ್ಚಿದಂಗ ಹೆಚ್ಚಿಟ್ಟಿಯಲ್ಲೋ."

ಬೇರೆ ಮನೆಯಾಗಿದ್ದರೆ ಇದು ಅಷ್ಟು ದೊಡ್ಡ ಮಾತಲ್ಲ. ಮುಖ ಕಂಡಿತು, ಮಾತು ಕೇಳಿತು, ಊಟ ಆಯ್ತಾ, ಆಯ್ತು, ಇಡ್ತೀನಿ. ಆದರೆ ನಮ್ಮ ಮನೆಯಲ್ಲಿ ಅಕ್ಕ ಮಾತಾಡುವುದೇ ಕೈಯಲ್ಲಿ. ಅಪ್ಪನಿಗೆ ಕಿವಿ ಕೇಳುವುದಿಲ್ಲ.

ಅಪ್ಪ ಸಂಡೂರಿನ ಆಚೆ, ಈಗ ಮುಚ್ಚಿಹೋಗಿರುವ ಒಂದು ಸಣ್ಣ ಕ್ರಷರಿನಲ್ಲಿ ಬೆಲ್ಟ್ ನೋಡಿಕೊಳ್ಳುತ್ತಿದ್ದವನು. ಕಲ್ಲು ಪುಡಿಯಾಗುವ ಆ ಸದ್ದಿನಲ್ಲಿ ಬಾಯಿಂದ ಮಾತಾಡಿ ಉಪಯೋಗವಿಲ್ಲ ಅಂತ ಅಲ್ಲಿನವರೆಲ್ಲ ಕೈಮಾತು ಕಟ್ಟಿಕೊಂಡಿದ್ದರು. ಮುಷ್ಟಿಯ ಮೇಲೆ ಮುಷ್ಟಿ ಕುಟ್ಟಿದರೆ ಕಲ್ಲು ಸಿಕ್ಕಿಕೊಂಡಿದೆ ಅಂತ. ಅಂಗೈ ಮಗುಚಿದರೆ ಬೆಲ್ಟ್ ನಿಲ್ಲಿಸು ಅಂತ. ಮೀಸೆ ಇಲ್ಲದವನೂ ಮೀಸೆ ತಿರುವಿದರೆ ಸೂಪರ್‌ವೈಸರ್ ಬರುತ್ತಿದ್ದಾನೆ, ಬೀಡಿ ಬಿಸಾಕು ಅಂತ. ಬರಬರುತ್ತಾ ಹೆಂಡತಿಯ ಸಿಟ್ಟು, ಬಾಡಿಗೆ ಮನೆಯ ಸೋರಿಕೆ, ಮಾಲೀಕನ ಅಪ್ಪ ಅಜ್ಜ ಮುತ್ತಜ್ಜ ಎಲ್ಲರ ಗುಣಗಾನ ಮಾಡುವಷ್ಟು ಆ ಮಾತು ಬೆಳೆಯಿತು. ಅದೇ ಸದ್ದಿನಲ್ಲಿ ಅಪ್ಪನ ಕಿವಿ ಸ್ವಲ್ಪಸ್ವಲ್ಪವೇ ಹೋಯಿತು. ಕಿವಿಯ ಮಷೀನು ತಂದುಕೊಟ್ಟೆವು. "ಇದನ್ನ ಹಾಕ್ಕೊಂಡ್ರ ಮತ್ತ ಕ್ರಷರ್‌ನಾಗ ಕುಂತಂಗ ಆಕ್ಕೈತಿ" ಅಂತ ಅದನ್ನು ದೇವರ ಮುಂದೆ ಇಟ್ಟುಬಿಟ್ಟ. ಈಗ ಅದಕ್ಕೆ ದಿನಾ ಊದಿನಕಡ್ಡಿ ಹೊಗೆ ಸಿಗುತ್ತದೆ.

ಅಕ್ಕ ಆ ಕೈಮಾತನ್ನು ಸಣ್ಣವಳಿದ್ದಾಗಲೇ ಕಲಿತಳು. ಅವ್ವನಿಗೆ ಮುಕ್ಕಾಲು ಪಾಲು ಬರುತ್ತದೆ. ನನಗೆ ಕಾಲು ಪಾಲೂ ಬರುವುದಿಲ್ಲ, ಯಾಕೆಂದರೆ ನನಗೆ ಬಾಯಿತ್ತು. ನಾನು ಮಿಮಿಕ್ರಿ ಮಾಡುತ್ತೇನೆ. ಬಸ್‌ಸ್ಟ್ಯಾಂಡಿನ ಅನೌನ್ಸರ್, ಕಂಪ್ಲಿ ಬಸ್ಸಿನ ಕಂಡಕ್ಟರ್, ಸೊಸೆಯನ್ನು ಬೈಯುವ ಎದುರುಮನೆ ಅತ್ತಿ, ಬೈಸಿಕೊಂಡು ಒಳಗೆ ಹೋಗಿ ತಿರುಗಿ ಬೈಯುವ ಅವರ ಸೊಸೆ, ಇಡೀ ಓಣಿ ನನ್ನ ಗಂಟಲಲ್ಲಿದೆ. ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ ಅಪ್ಪ ಮಾತ್ರ ನನ್ನ ತೆರೆದ ಬಾಯಿಯೊಳಗೆ ಇಣುಕಿ, "ಲೇ, ಹಿಂದಿನ ಹಲ್ಲು ಹುಳಾ ಹಿಡದೈತಿ ನೋಡು" ಅನ್ನುತ್ತಾನೆ. ಕಲಾವಿದನಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಯಾವುದಿದೆ.

ಇನ್ನು ಕಂಪ್ಯೂಟರ್ ಯಾಕೆ ಅಂದರೆ, ಅಪ್ಪನ ಕಣ್ಣಿಗೆ ಫೋನಿನ ಪರದೆ ಸಾಲದು. ಬೆರಳು ಕಾಣುವುದಿಲ್ಲ ಅಂತಾನೆ. ಆದ್ದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ ಮಾನಿಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡುವುದು, ಆ ಕಡೆ ಅಕ್ಕ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಎರಡೂ ಕೈ ಬಿಡುಗಡೆ ಮಾಡಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ವಾರವಿಡೀ ಅಪ್ಪನ ಜೊತೆ ಯಾರೂ ನೆಟ್ಟಗೆ ಮಾತಾಡಿರುವುದಿಲ್ಲ. ಕ್ರಷರಿನ ಜೊತೆಗಾರರೆಲ್ಲ ದಿಕ್ಕಿಗೊಬ್ಬರಾಗಿದ್ದಾರೆ. ಅವ್ವ ಅಡಿಗೆ ಮಾಡುತ್ತಾ ಒಂದು ಕೈಯಲ್ಲಿ ಮಾತಾಡುತ್ತಾಳೆ, ಅದು ಅರ್ಧ ಮಾತು. ನಾನಂತೂ ಬಾಯಿ ಅಗಲಿಸಿ ಕಿರುಚುತ್ತೇನೆ, ಅದು ಬರೀ ಹಲ್ಲು. ಅಕ್ಕನ ಜೊತೆಗಿನ ಆ ಒಂದು ತಾಸು ಮಾತ್ರ ಅಪ್ಪನಿಗೆ ಪೂರಾ ಮಾತು.

ಹಳೆಯ ವಿಂಡೋಸ್ ಎದ್ದು ಕೂರುವಷ್ಟರಲ್ಲಿ ಅವ್ವನ ರೊಟ್ಟಿ ಬಡಿಯುವುದು ಮುಗಿಯುತ್ತಿತ್ತು. ಸ್ಟೇಷನ್ ರೋಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ದೋಸ್ತ, "ಲಿನಕ್ಸ್ ಹಾಕ್ತೀನಿ ಬಿಡಲೇ, ಕುದುರಿ ಓಡಿದಂಗ ಓಡ್ತೈತಿ" ಅಂದ. ಹಾಕಿದ. ಓಡಿತು. ಕುದುರೆಯ ತಲೆ ಕಂಪ್ಲಿಗೆ, ಬಾಲ ಸಂಡೂರಿಗೆ.

ಆ ಮೊದಲ ಭಾನುವಾರ ಅಪ್ಪ ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಅಕ್ಕ ಏನೋ ಚುರುಕಾಗಿ ಹೇಳಿದಳು. ಬೆರಳುಗಳು ಒಂದು ಕಡೆ, ಮಣಿಕಟ್ಟು ಒಂದು ಕಡೆ. ಅಪ್ಪ ತಿರುಗಿ ಕೇಳಿದ. ಅವಳು ಮತ್ತೆ ಹೇಳಿದಳು, ಮತ್ತೆ ತುಂಡಾಯಿತು. ಆಗ ಅಪ್ಪ ಎದ್ದು ನಿಂತು, ಮಾನಿಟರಿನ ಬಲಗೆನ್ನೆಗೆ ಅಂಗೈಯಿಂದ ಒಂದು ಬಿಟ್ಟ.

"ಬೆಲ್ಟ್ ಒಂದ್ ಕಡಿ ಸರದೈತಿ" ಅಂತ ಇಡೀ ಓಣಿಗೆ ಕೇಳುವಂತೆ ಹೇಳಿದ. ಅಪ್ಪನ ದನಿ ಇವತ್ತಿಗೂ ಕ್ರಷರಿನೊಳಗಿನ ದನಿಯೇ. "ಈ ಕಡಿ ಬಡದ್ರ ಸಮ ಆಕ್ಕೈತಿ."

"ಅಪ್ಪಾ, ಅದರಾಗ ಬೆಲ್ಟ್ ಇಲ್ಲ" ಅಂತ ಬಾಯಿ ಅಗಲಿಸಿ ಹೇಳಿದೆ.

"ಬೆಲ್ಟ್ ಇಲ್ದ ಹೆಂಗ ಓಡ್ತೈತಿ?"

ಇದಕ್ಕೆ ಲಿನಕ್ಸ್ ಬಲ್ಲವರೇ ಉತ್ತರ ಕೊಡಲಿ.

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಕೈ ಜೋರಾಗಿ ಆಡಿದಾಗ ತಾನೇ ಸೀಳುವುದು? ಅಕ್ಕನಿಗೆ ಹೇಳಿದೆ: "ಅಕ್ಕಾ, ಕೈ ನಿಧಾನಕ್ಕ ಆಡ್ಸು. ಭಾಳ ನಿಧಾನ. ಆಗ ಗೆರಿ ಕಾಣಲ್ಲ." ಅವಳು ಪಾಪ, ತಮ್ಮನ ತಾಂತ್ರಿಕ ಸಲಹೆ ಅಂತ ನಂಬಿ, ನೀರಿನೊಳಗೆ ಕೈ ಆಡಿಸುವಂತೆ ಒಂದೊಂದೇ ಬೆರಳು ಎತ್ತಿ, ನಿಲ್ಲಿಸಿ, ತೋರಿಸಿ, ಇಳಿಸಿ ಮಾತಾಡಿದಳು. ಗೆರೆ ಮಾಯ! ನಾನು ಹೆಮ್ಮೆಯಿಂದ ಅಪ್ಪನ ಕಡೆ ತಿರುಗಿದೆ. ಅಪ್ಪನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಟವೆಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ.

"ಏನಾಯ್ತಬೇ?" ಅಂದೆ ಅವ್ವನಿಗೆ.

ಅವ್ವ ಹಣೆ ಬಡಿದುಕೊಂಡಳು. "ನಿನ್ನ ತಲಿ ಆಯ್ತು. ಕ್ರಷರ್‌ನಾಗ ಹಂಗ ನಿಧಾನಕ್ಕ ಕೈ ಆಡ್ಸೋದು ಯಾರಿಗೆ ಗೊತ್ತೈತಿ? ಹೊಸದಾಗಿ ಬಂದ ಕೂಲಿಗೆ. ಏನೂ ತಿಳೀದ ಮಬ್ಬಗ. ಬೇಕಂತ ಹಂಗ್ ಆಡ್ಸಿದ್ರ ಅದು ಬೈಗುಳಾನ. ನಿಮ್ಮಪ್ಪ ಅಲ್ಲಿ ಎಷ್ಟು ಮಂದಿಗೆ ಕಲ್ಸಿದಾವ್ರು. ಈಗ ಮಗಳು ಅವ್ರಿಗೇ ಹಂಗ ಮಾಡ್ಬೇಕ?"

ಅಕ್ಕ ಆ ಕಡೆಯಿಂದ, "ಲೇ ಮಂಗ್ಯಾ, ನಂಗೂ ನೆನಪಾಗ್ಲಿಲ್ಲಲೋ" ಅಂತ ಅಳುಮುಖ ಮಾಡಿದಳು. ಅಳುಮುಖವೂ ಎರಡು ತುಂಡು.

ಸಂಜೆ ಅಪ್ಪನ ಮುಂದೆ ಕೂತು, ತಪ್ಪು ನನ್ನದು, ಅಕ್ಕನದಲ್ಲ, ಕಂಪ್ಯೂಟರಿನ ಸಲುವಾಗಿ ನಾನೇ ನಿಧಾನ ಮಾಡಿಸಿದ್ದು ಅಂತ ಅವ್ವನ ಕೈಯಿಂದ ಹೇಳಿಸಿದೆ. ಅಪ್ಪ ಕೇಳಿಸಿಕೊಂಡ, ಅಂದರೆ ನೋಡಿಸಿಕೊಂಡ. ಸಿಟ್ಟು ಅಕ್ಕನ ಮೇಲಿನಿಂದ ಇಳಿದು ನನ್ನ ಮೇಲೆ ಹತ್ತಿತು.

"ಮಷೀನು ಸಮ ಇಲ್ಲಂದ್ರ ಮಷೀನು ರಿಪೇರಿ ಮಾಡ್ತಾರ. ಮನಷ್ಯಾರ್ನ ಸ್ಲೋ ಮಾಡ್ತಾರೇನಲೇ? ಸಮ ಆದ್ಮ್ಯಾಲ ಕರಿ. ಅಲ್ಲೀತನ ನೀವ್ ನೀವ ಮಾತಾಡ್ರಿ."

ಮುಂದಿನ ಭಾನುವಾರ ಇಸ್ತ್ರಿ ಅಂಗಿ ಮೊಳೆಯಲ್ಲೇ ನೇತಾಡಿತು. ಅಪ್ಪ ಓಣಿಯ ತುದಿಯ ಚಹಾ ಅಂಗಡಿಯ ಬೆಂಚಿನ ಮೇಲೆ, ಯಾರದೋ ಮಾತಿಗೆ ಏನೂ ಕೇಳಿಸದೆ ತಲೆಯಾಡಿಸುತ್ತಾ ಕೂತಿದ್ದ. ಅಕ್ಕ ಮಾನಿಟರಿನಲ್ಲಿ ಖಾಲಿ ಕುರ್ಚಿ ನೋಡಿದಳು. "ಇವತ್ತು ಬರಲ್ಲಂತಾ?" ಅಂದಳು. ಅವ್ವ ಸಾರಿನ ವಿಷಯ ತೆಗೆದಳು.

ಇಲ್ಲಿಂದ ನನ್ನ ವನವಾಸ ಶುರು.

ಇಂಟರ್ನೆಟ್ಟಿನಲ್ಲಿ ಈ ಕಾಯಿಲೆಗೆ ಔಷಧ ಹುಡುಕಿದರೆ ಸಂತೆಯಷ್ಟು ಜನ ಸಿಗುತ್ತಾರೆ. ಒಬ್ಬ ಕೇಳಿರುತ್ತಾನೆ, ನನ್ನ ಪರದೆ ಸೀಳುತ್ತಿದೆ, ಏನು ಮಾಡಲಿ. ಕೆಳಗೆ ಹತ್ತಾರು ಜನ, ನನಗೂ ಇದೇ ತೊಂದರೆ, ನನಗೂ ಇದೇ ತೊಂದರೆ ಅಂತ ಸಾವಿನ ಮನೆಗೆ ಬಂದವರಂತೆ ಹೇಳಿ ಹೋಗಿರುತ್ತಾರೆ. ಒಬ್ಬ ದೊಡ್ಡ ಮನುಷ್ಯ ಬಂದು, ಇದನ್ನು ಮೊದಲೇ ಕೇಳಿದ್ದಾರೆ, ಹುಡುಕಿ ನೋಡು ಅಂತ ಗದರಿರುತ್ತಾನೆ. ಕೊನೆಗೆ ಮೊದಲು ಕೇಳಿದವನೇ ಬಂದು, ಸರಿಹೋಯಿತು, ಎಲ್ಲರಿಗೂ ವಂದನೆ ಅಂತ ಬರೆದು ಹೋಗಿಬಿಟ್ಟಿರುತ್ತಾನೆ. ಹೇಗೆ ಸರಿಹೋಯಿತು ಮಾರಾಯ? ಹೇಳುವುದಿಲ್ಲ. ಅವನು ಎಲ್ಲಿಯವನೇ ಇರಲಿ, ಅವನ ಚಪಾತಿ ದಿನಾ ಒಂದು ಕಡೆ ಹಸಿ, ಒಂದು ಕಡೆ ಸೀದು ಇರಲಿ.

ಮೊದಲು ದೋಸ್ತನ ಸಲಹೆ. ಸೆಟ್ಟಿಂಗ್ಸಿನಲ್ಲಿ ಕಾಂಪೊಸಿಟರ್ ಅಂತ ಒಂದು ಇರುತ್ತದೆ, ಪರದೆಯ ಮೇಲಿನ ಕಿಟಕಿಗಳನ್ನೆಲ್ಲ ಜೋಡಿಸಿ ಒಂದೇ ಚಿತ್ರ ಮಾಡುವುದು ಅದರ ಕೆಲಸ. ಅದರಲ್ಲಿ ವಿಸಿಂಕ್ ಅನ್ನುವುದಕ್ಕೆ ಟಿಕ್ ಹಾಕಿದರೆ ಮಾನಿಟರ್ ಒಂದು ಚಿತ್ರ ಮುಗಿಸುವವರೆಗೆ ಕಂಪ್ಯೂಟರ್ ಕಾಯುತ್ತದಂತೆ. ಹಾಕಿದೆ. ಕಿಟಕಿ ಹಿಡಿದು ಎಳೆದಾಡಿದೆ, ಬೆಣ್ಣೆ! ಕುಣಿದೆ. ಅಕ್ಕನಿಗೆ ಕಾಲ್ ಮಾಡಿ ಪೂರ್ತಿ ಪರದೆಗೆ ದೊಡ್ಡದು ಮಾಡಿದೆ. ಅಲ್ಲಿ ಗೆರೆ ಕಾಲು ಚಾಚಿ ಮಲಗಿತ್ತು. ಪೂರ್ತಿ ಪರದೆ ಆದ ಕೂಡಲೇ ಆ ಕಾಂಪೊಸಿಟರ್ ಅನ್ನುವ ಮಹಾನುಭಾವ ನನಗೆ ಇಲ್ಲೇನು ಕೆಲಸ ಅಂತ ಟವೆಲು ಕೊಡವಿ ಹೊರಟುಬಿಡುತ್ತಾನಂತೆ.

"ಸಣ್ಣದು ಮಾಡಿ ನೋಡಲೇ ಹಂಗಾದ್ರ" ಅಂದ ದೋಸ್ತ.

"ಸಣ್ಣದು ನೋಡೋದಾದ್ರ ಫೋನ್ ಸಾಕಿತ್ತಲ್ಲಲೇ! ನಮ್ಮಪ್ಪಗ ಬೆರಳು ಕಾಣ್ಬೇಕು!"

"ಹಂಗಾದ್ರ ಫೈಲ್ ಬರೀಬೇಕು" ಅಂದ, ಆಪರೇಷನ್ ಮಾಡಬೇಕು ಅನ್ನುವ ಡಾಕ್ಟರರ ದನಿಯಲ್ಲಿ. ನಾನು ಆ ದನಿಯನ್ನು ಅಲ್ಲೇ ಅನುಕರಿಸಿದೆ. ಅವನಿಗೆ ಸಿಟ್ಟು ಬಂತು. ದೋಸ್ತಿಗಳು ಹೋಗುವುದು ಹೀಗೆಯೇ.

ಚಿತ್ರ ಬಿಡಿಸುವ ಗ್ರಾಫಿಕ್ಸ್ ಡ್ರೈವರ್ ಅನ್ನುವ ಸಾಫ್ಟ್‌ವೇರಿಗೆ ಟಿಯರ್‌ಫ್ರೀ ಅಂತ ಒಂದು ಆಯ್ಕೆ ಉಂಟು, ಒಂದು ಸಣ್ಣ ಫೈಲಿನಲ್ಲಿ ಅದನ್ನು ಬರೆದಿಟ್ಟರೆ ಸೀಳು ಹೋಗುತ್ತದೆ ಅಂತ ಇಂಟರ್ನೆಟ್ ಸಂತೆಯವರು ಹೇಳಿದ್ದರು. ಬರೆದೆ. ಮಷೀನು ಆರಿಸಿ ಹಚ್ಚಿದೆ. ಕಪ್ಪು. ಮೂಲೆಯಲ್ಲಿ ಒಂದು ಬಿಳಿ ಕಡ್ಡಿ ಮಿಣುಕು ಮಿಣುಕು ಅನ್ನುತ್ತಿತ್ತು, ನಾನು ಏನಾದರೂ ಹೇಳುತ್ತೇನೇನೋ ಅಂತ ಕಾಯುತ್ತಾ.

ಅವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಈಗ ಸೀಳು ಇಲ್ಲ ನೋಡು."

"ಅವ್ವಾ, ಸುಮ್ನಿರಬೇ."

"ಮಗಳೂ ಇಲ್ಲ ಅಷ್ಟ."

ದೋಸ್ತನಿಗೆ ಫೋನ್ ಮಾಡಿದೆ. ಅವನು ಇನ್ನೂ ಮುನಿಸಿನಲ್ಲಿದ್ದ. ನಾನು ಅವನ ದನಿಯಲ್ಲೇ ಕ್ಷಮೆ ಕೇಳಿದ್ದು ತಪ್ಪಾಯಿತು. ಆಮೇಲೆ ನನ್ನ ಸ್ವಂತ ದನಿಯಲ್ಲಿ ಕೇಳಿದೆ. ಅದು ನನಗೇ ಅಪರೂಪದ್ದು. ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಒಂದೊಂದೇ ಅಕ್ಷರ ಒತ್ತಿದೆ. ಫೈಲು ತೆರೆಯಿತು. ಒಂದು ಕಡೆ ಉದ್ಧರಣ ಚಿಹ್ನೆ ತೆರೆದು ಮುಚ್ಚುವುದನ್ನು ಮರೆತಿದ್ದೆ. ಸೊಳ್ಳೆಯ ಮೀಸೆಯಷ್ಟು ಗುರುತು! ಅದಕ್ಕೆ ಇಡೀ ಮನೆ ಕತ್ತಲು. ನಮ್ಮೆದುರುಮನೆ ಅತ್ತಿ ಕೂಡ ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಜಗಳ ತೆಗೆದವರಲ್ಲ.

ತಿದ್ದಿದೆ. ಪರದೆ ಬಂತು. ಅಕ್ಕ ಬಂದಳು. ಗೆರೆಯೂ ಬಂತು. ಕಂಪ್ಯೂಟರ್ ತನ್ನ ದಿನಚರಿ ಬರೆದಿಡುವ ಲಾಗ್ ತೆಗೆದು ನೋಡಿದರೆ, ನೀವು ಕೊಟ್ಟ ಆಯ್ಕೆಯನ್ನು ಬಳಸಿಲ್ಲ ಅಂತ ಒಂದು ಸಾಲು ಇತ್ತು. ಕಾರಣ ಇಲ್ಲ, ಕ್ಷಮೆ ಇಲ್ಲ. ಕಚೇರಿಯ ಕಿಟಕಿಯಲ್ಲಿ ಅರ್ಜಿ ತಗೊಂಡು, ಮುದ್ರೆ ಒತ್ತಿ, ತಿರುಗಿ ನಮಗೇ ಕೊಟ್ಟು ನೆಕ್ಸ್ಟ್ ಅಂದಂತೆ.

ಈ ನಡುವೆ ಅವ್ವ ತನ್ನ ತಮ್ಮನಿಗೆ ಫೋನ್ ಹಚ್ಚಿದ್ದಳು. ಈ ಮಾಮ ಕಂಪ್ಲಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವರು. ಈಗ ಟಿವಿ ಯಾರೂ ರಿಪೇರಿ ಮಾಡಿಸುವುದಿಲ್ಲವಾದ್ದರಿಂದ ಮಿಕ್ಸಿ ರಿಪೇರಿ ಮಾಡುತ್ತಾರೆ, ಆದರೆ ಬೋರ್ಡು ಮಾತ್ರ ಟಿವಿಯದೇ. ಬಂದವರು ಅಂಗಿಯ ತೋಳು ಮಡಚಿ, ಮಾನಿಟರಿನ ಹಿಂದೆ ಹೋಗಿ ಎಮ್ಮೆ ಕೊಳ್ಳುವವರಂತೆ ಸುತ್ತಲೂ ತಡವಿ ನೋಡಿದರು.

"ಹಾರಿಜಾಂಟಲ್ ಹೋಲ್ಡ್ ಎಲ್ಲೈತಿ ಇದಕ್ಕ?"

"ಮಾಮ, ಅದು ಹಳೇ ಟಿವಿಗಿರ್ತಿತ್ತು. ಇದು ಸಾಫ್ಟ್‌ವೇರ್ ಪ್ರಾಬ್ಲಮ್."

"ಏನ್ ಸಾಫ್ಟ್, ಏನ್ ಹಾರ್ಡ್. ಪಿಕ್ಚರ್ ಹರೀತಂದ್ರ ಹೋಲ್ಡ್ ಹೋಗೈತಿ ಅಂತ್ಲೇ ಅರ್ಥ. ಒಂದ್ ಗುಬುಟ ಇರ್ಬೇಕು ನೋಡು, ತಿರುವಿದ್ರ ನಿಲ್ತೈತಿ."

ಗುಬುಟ ಸಿಗಲಿಲ್ಲ. ಮಾಮನಿಗೆ ಅವಮಾನವಾಯಿತು. ಗುಬುಟ ಇಲ್ಲದ ಯಂತ್ರ ಮನುಷ್ಯರು ಮಾಡಿದ್ದೇ ಅಲ್ಲ ಅಂದರು. ಕೇಬಲ್ ಬದಲಿಸಿದರು. ಅರ್ಥಿಂಗ್ ಪರೀಕ್ಷೆ ಮಾಡುತ್ತೇನೆಂದು ಸ್ವಿಚ್ ಬೋರ್ಡ್ ಬಿಚ್ಚಿದರು, ಅಡಿಗೆಮನೆಯ ದೀಪ ಹೋಯಿತು. ಅಪ್ಪ ದೂರದಲ್ಲಿ ನಿಂತು ನೋಡುತ್ತಿದ್ದವನು ಅವ್ವನ ಕಡೆ ತಿರುಗಿ ಕೈಯಲ್ಲಿ ಏನೋ ಅಂದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಏನು ಏನು ಅಂದರೆ, "ನಿಮ್ಮ ಮಾಮನಂಥವ್ರಿಗೆ ಕ್ರಷರ್‌ನಾಗ ಒಂದ್ ಹೆಸರಿಡ್ತಿದ್ರಂತ" ಅಂದಳು, ಯಾವ ಹೆಸರು ಅಂತ ಹೇಳಲಿಲ್ಲ. ಮಾಮ ಚೆನ್ನಾಗಿ ಊಟ ಮಾಡಿ, "ಮಷೀನು ಮುದ್ಯಾಗೈತಿ, ಏನ್ ಮಾಡಾಕ ಬರ್ತೈತಿ, ನಾವೂ ಮುದುಕ್ರಾಗ್ತೀವಿ" ಅಂತ ತತ್ವ ಹೇಳಿ ಕಂಪ್ಲಿ ಬಸ್ ಹತ್ತಿದರು. ಅಡಿಗೆಮನೆಯ ದೀಪವನ್ನು ನಾನೇ ಸರಿಮಾಡಿದೆ. ಈ ಇಡೀ ಕಥೆಯಲ್ಲಿ ನಾನು ಮೊದಲ ಸಲಕ್ಕೇ ಸರಿಮಾಡಿದ ವಸ್ತು ಅದೊಂದೇ.

ಅಷ್ಟರಲ್ಲಿ ಇನ್ನೂ ಕೆಲವು ಭಾನುವಾರ ಹೋದವು. ಅಕ್ಕ ಬೇಗ ಬೇಗ ಫೋನ್ ಇಡತೊಡಗಿದಳು. ಅಪ್ಪ ಕುರ್ಚಿಯನ್ನು ಎತ್ತಿ ಹೊರಗೆ ಬಾಗಿಲ ಹತ್ತಿರ ಹಾಕಿಕೊಂಡ. ನನಗೆ ಹೆದರಿಕೆಯಾದದ್ದು ಅಪ್ಪನ ಸಿಟ್ಟಿಗಲ್ಲ. ಸಿಟ್ಟು ಇಳಿದುಹೋಗಿತ್ತು. ಚಹಾ ಅಂಗಡಿಯ ಬೆಂಚು ಅಭ್ಯಾಸವಾಗತೊಡಗಿತ್ತು. ಅಡಿಗೆಮನೆಯಿಂದ ಅವ್ವ ಒಂದು ಕೈಯಲ್ಲಿ ಏನಾದರೂ ಕೇಳಿದರೆ, ಮೊದಲು ಎರಡೂ ಕೈ ಎತ್ತಿ ಉತ್ತರ ಕೊಡುತ್ತಿದ್ದವನು ಈಗ ಗದ್ದ ಮಾತ್ರ ಎತ್ತುತ್ತಿದ್ದ. ಇವನ ಕೈಯೂ ಕಿವಿಯ ಮಷೀನಿನಂತೆ ದೇವರ ಮುಂದೆ ಹೋಗಿ ಕೂತರೆ ಏನು ಮಾಡುವುದು?

ನಾನು ಕೆಲಸ ಮಾಡುವುದು ಹಂಪಿಯಲ್ಲಿ, ಪ್ರವಾಸಿಗರಿಗೆ ಸೈಕಲ್, ಸ್ಕೂಟರ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಉದ್ದ ಗಡ್ಡದ ಒಬ್ಬ ವಿದೇಶಿ ಸೈಕಲ್ ತಿರುಗಿ ಕೊಡಲು ಬಂದ. ಚೀಲದಿಂದ ಲ್ಯಾಪ್‌ಟಾಪ್ ತೆಗೆದ, ನೋಡಿದರೆ ಲಿನಕ್ಸ್! ಹಸಿದವನಿಗೆ ಮದುವೆ ಮನೆ ಕಂಡಂತಾಯಿತು. ಅವನನ್ನು ಕೂಡಿಸಿ, ಲಿಂಬೆ ಸೋಡಾ ಕೊಟ್ಟು, ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಹೇಳಲು ಬಾರದ ಕಡೆ ನಟಿಸಿ ತೋರಿಸಿದೆ: ನಾನೇ ಅಕ್ಕನಾಗಿ ಕೈ ಆಡಿಸಿದೆ, ನಾನೇ ಮಾನಿಟರಾಗಿ ಸೊಂಟದಿಂದ ಮೇಲಕ್ಕೆ ಎಡಕ್ಕೂ ಕೆಳಕ್ಕೆ ಬಲಕ್ಕೂ ಹೋದೆ. ಸೊಂಟ ಹಿಡಿದುಕೊಂಡಿತು. ಅವನು ಸಾವಧಾನವಾಗಿ ಸೋಡಾ ಕುಡಿದು, ಎಲ್ಲ ಬಿಟ್ಟ ಸನ್ಯಾಸಿಯ ದನಿಯಲ್ಲಿ, ನನ್ನದರಲ್ಲಿ ಈ ತೊಂದರೆ ಇಲ್ಲ ಅಂದ.

ನನ್ನ ಕೈ ಅಲ್ಲಿದ್ದ ಸೈಕಲ್ ಪಂಪಿನ ಕಡೆ ಹೋದದ್ದು ಸುಳ್ಳಲ್ಲ.

ಆದರೆ ಹೊರಡುವ ಮುಂಚೆ ಒಂದು ಮಾತು ಹೇಳಿದ. ಲಿನಕ್ಸಿನಲ್ಲಿ ಪರದೆಗೆ ಚಿತ್ರ ಕಳಿಸುವ ಹಳೆಯ ವ್ಯವಸ್ಥೆ ಒಂದಿದೆ, ವೇಲ್ಯಾಂಡ್ ಅಂತ ಹೊಸದೊಂದಿದೆ. ಹೊಸದು ಪೂರ್ತಿ ತಯಾರಾಗದ ಚಿತ್ರವನ್ನು ಪರದೆಗೆ ಬಿಡುವುದೇ ಇಲ್ಲ. ಹಳೆಯದಕ್ಕೆ ತೇಪೆ ಹಾಕಬೇಡ, ಹೊಸದಕ್ಕೆ ಹೋಗು. ಲಾಗಿನ್ ಆಗುವ ಕಡೆ ಒಂದು ಸಣ್ಣ ಹಲ್ಲುಚಕ್ರದ ಗುರುತು ಇರುತ್ತದೆ, ಅದನ್ನು ಒತ್ತಿ ನೋಡು.

ಹಲ್ಲುಚಕ್ರ! ಪಾಸ್‌ವರ್ಡಿನ ಪಕ್ಕದಲ್ಲಿ ದಿನಾ ನನ್ನನ್ನೇ ನೋಡುತ್ತಾ ಕೂತಿದ್ದ ಹಲ್ಲುಚಕ್ರ. ಮಾಮ ಹುಡುಕಿದ ಗುಬುಟ ಮಾನಿಟರಿನ ಹಿಂದೆ ಇರಲಿಲ್ಲ ಅಷ್ಟೇ, ಮುಂದೆಯೇ ಇತ್ತು. ಮಾಮನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ಹೇಳಿದರೆ ಬೋರ್ಡಿನ ಮೇಲೆ ಕಂಪ್ಯೂಟರ್ ಅಂತ ಬರೆಸಿಬಿಡುತ್ತಾರೆ.

ಅಷ್ಟು ಸುಲಭವಾಗಿ ಮುಗಿಯಿತೇ? ಇಲ್ಲ. ಲಿನಕ್ಸಿನಲ್ಲಿ ಪರದೆಯ ಕಿಟಕಿ, ಮೆನುಗಳನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರಿಗೇ ಡೆಸ್ಕ್‌ಟಾಪ್ ಅನ್ನುತ್ತಾರೆ. ದೋಸ್ತ ಹಾಕಿದ್ದ ಹಗುರ ಡೆಸ್ಕ್‌ಟಾಪಿನ ಹಲ್ಲುಚಕ್ರ ಒತ್ತಿದರೆ ಅದೇ ಹಳೆಯದೊಂದೇ ಇತ್ತು. ಹೊಸದು ಬೇಕೆಂದರೆ ಬೇರೆ ಡೆಸ್ಕ್‌ಟಾಪನ್ನೇ ಇಳಿಸಿಕೊಳ್ಳಬೇಕು. ನನ್ನ ಫೋನಿನ ಹಾಟ್‌ಸ್ಪಾಟಿನಲ್ಲಿ ಇಳಿಸಲು ಕೂತೆ. ಎಲ್ಲ ಇಳಿದು ಬಂತು ಅನ್ನುವಾಗ ಅವ್ವ, "ಫೋನ್ ಯಾಕಿಷ್ಟು ಬಿಸಿ ಆಗೈತಿ" ಅಂತ ಕಾಳಜಿಯಿಂದ ಅದನ್ನು ಆಫ್ ಮಾಡಿ ನೀರಿನ ಗಡಿಗೆಯ ಮುಚ್ಚಳದ ಮೇಲೆ ತಣ್ಣಗೆ ಇಟ್ಟಿದ್ದಳು. ಮತ್ತೆ ಮೊದಲಿಂದ.

ಕೊನೆಗೂ ಹೊಸದು ಎದ್ದಿತು. ಅದು ಭಾನುವಾರ ಬೆಳಿಗ್ಗೆ. ಅಕ್ಕನಿಗೆ ಕಾಲ್ ಮಾಡಿದೆ. ಪೂರ್ತಿ ಪರದೆ ಮಾಡಿದೆ. "ಕೈ ಆಡ್ಸು" ಅಂದೆ. "ನಿಧಾನಾನ?" ಅಂದಳು. "ಬ್ಯಾಡ! ಜೋರ! ನನ್ನ ಬೈಯಿ!"

ಬೈಯುವುದಕ್ಕೆ ಅವಳಿಗೆ ಯಾರೂ ಕಲಿಸಬೇಕಿಲ್ಲ. ಕೈ ಗಿರಗಿರ ತಿರುಗಿತು. ಗೆರೆ ಇಲ್ಲ. ಮುಂಗೈ ಮೊಣಕೈಗೆ, ಬೆರಳು ಅಂಗೈಗೆ, ಎಲ್ಲ ಅಂಟಿಕೊಂಡೇ ಇದ್ದವು. ನಾನು ಸಂತೋಷಪಡಬೇಕು ಅನ್ನುವಷ್ಟರಲ್ಲಿ ಅವ್ವ ಕೇಳಿದಳು, "ಲೇ, ಇವಳ ಮಾತು ಮುಂದ್ ಬರಾಕತ್ತೈತಿ, ಬಾಯಿ ಹಿಂದ್ ಬರಾಕತ್ತೈತಲ್ಲೋ?"

ಹೌದು. ಮುದಿ ಮಷೀನಿಗೆ ಹೊಸ ಡೆಸ್ಕ್‌ಟಾಪಿನ ಭಾರ ಹೆಚ್ಚಾಗಿ, ಚಿತ್ರ ತಡವಾಗಿ ಬರುತ್ತಿತ್ತು. ಅಕ್ಕನ ದನಿ "ಊಟ ಆಯ್ತಾ" ಅಂದು ಮುಗಿಸಿದ ಮೇಲೆ ಅಕ್ಕನ ತುಟಿ "ಊಟ" ಅನ್ನಲು ತೆರೆಯುತ್ತಿತ್ತು. ನನಗೆ, ದನಿಯಿಂದಲೇ ಬದುಕುವವನಿಗೆ, ಅದನ್ನು ನೋಡಲು ಆಗಲಿಲ್ಲ. ಮಿಮಿಕ್ರಿ ಮಾಡುವಾಗ ತುಟಿ ತಪ್ಪಿದರೆ ಜನ ಎದ್ದು ಹೋಗುತ್ತಾರೆ. ತಲೆಗೆ ಕೈ ಹಚ್ಚಿ ಕೂತೆ. ಇಷ್ಟೆಲ್ಲ ಮಾಡಿ, ಅಡ್ಡ ಸೀಳಿದ್ದನ್ನು ಹೊಲಿದು ಮಾತನ್ನು ಸೀಳಿದೆನಲ್ಲ! "ಇದನ್ನೂ ತೆಗದುಬಿಡ್ತೀನಿ, ಇನ್ನೊಂದ್ ಫೈಲ್ ಐತಿ, ಅದನ್ನ ಬದಲಿಸಿದ್ರ" ಅಂತ ಮೌಸ್ ಹಿಡಿದೆ.

ಅದೇ ಹೊತ್ತಿಗೆ ಅಪ್ಪ ಹೆಗಲಿನ ಟವೆಲಿಗಾಗಿ ಒಳಗೆ ಬಂದ. ಮೊಳೆಯಿಂದ ಟವೆಲು ತೆಗೆದುಕೊಂಡು ಹೊರಟವನು, ಹೊಸ್ತಿಲಲ್ಲಿ ನಿಂತ. ಅಕ್ಕ ಇನ್ನೂ ನನ್ನನ್ನು ಬೈಯುತ್ತಿದ್ದಳು, ಪೂರ್ತಿ ವೇಗದಲ್ಲಿ. ಅಪ್ಪ ಒಂದು ಕೈಯಲ್ಲಿ ಟವೆಲು ಹಿಡಿದೇ ಇನ್ನೊಂದು ಕೈಯಲ್ಲಿ ಏನೋ ಅಂದ. ಅಕ್ಕ ಥಟ್ಟನೆ ಏನೋ ಅಂದಳು. ಅಪ್ಪ ಟವೆಲನ್ನು ನನ್ನ ತಲೆಯ ಮೇಲೆ ಎಸೆದು ಎರಡೂ ಕೈ ಎತ್ತಿದ.

ಟವೆಲು ಸರಿಸಿ ನೋಡುವಷ್ಟರಲ್ಲಿ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿ ಒಳಗೆ ಬಂದಿತ್ತು. ಇಸ್ತ್ರಿ ಅಂಗಿ ಇಲ್ಲ, ಬನಿಯನ್ನಿನಲ್ಲೇ ಕೂತಿದ್ದ. ದನಿ ಮುಂದೆ ಬಂದರೆ ಅವನಿಗೇನು, ಹಿಂದೆ ಬಂದರೆ ಅವನಿಗೇನು? ಅವನ ಪಾಲಿಗೆ ಮಷೀನು ಸಮ ಆಗಿತ್ತು.

"ಅವ್ವಾ, ಅಪ್ಪಗ ಎದ್ದೇಳು ಅನ್ನು ಸ್ವಲ್ಪ, ಸೌಂಡ್ ಸಮ ಮಾಡಿಬಿಡ್ತೀನಿ" ಅಂದೆ.

ಅವ್ವ ಎದ್ದು ಹೋಗಿ ಸ್ಪೀಕರಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತಳು. "ಸಮ ಆಯ್ತು. ಇನ್ನ ಇದನ್ನ ಮುಟ್ಟಿದಿ ಅಂದ್ರ ನಿನಗ ಊಟ ಇಲ್ಲ."

ಮನೆ ಸದ್ದಿಲ್ಲದಂತಾಯಿತು. ಅಕ್ಕ, ಅಪ್ಪ, ನಡುನಡುವೆ ಹಿಟ್ಟಿನ ಕೈಯ ಅವ್ವ, ಮೂವರೂ ಮಾತೇ ಮಾತು. ನಾನೊಬ್ಬ ಬಾಯಿ ಇಟ್ಟುಕೊಂಡು ಕೂತೆ. ಅಷ್ಟರಲ್ಲಿ ಅಪ್ಪ ಕುರ್ಚಿಯ ತುದಿಗೆ ಸರಿದು, ಬೆನ್ನು ಗೂನು ಮಾಡಿ, ಒಂದೇ ಬೆರಳಲ್ಲಿ ಗಾಳಿಯಲ್ಲಿ ಕುಟ್ಟಿದ. ಬಾಯಿ ತೆರೆದು ಪರದೆಗೆ ಮೂಗು ಹಚ್ಚಿ ನೋಡಿದ. ತಲೆ ಕೆರೆದ. ಮತ್ತೆ ಕುಟ್ಟಿದ. ಆಮೇಲೆ ಎರಡೂ ಕೈ ತಲೆಯ ಮೇಲೆ 'ಢಬ್' ಅಂತ. ಅಕ್ಕ ನಗುತ್ತಾ ಹಿಂದಕ್ಕೆ ಬಿದ್ದಳು, ನೀರಿನ ಬಾಟಲಿ ಉರುಳಿತು, ನಮಗೆ ಹಾಸ್ಟೆಲಿನ ಫ್ಯಾನ್ ಕಂಡಿತು. ಅವ್ವ ಗೋಡೆ ಹಿಡಿದುಕೊಂಡು ನಕ್ಕಳು.

ಅದು ಯಾರು ಅಂತ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಅಷ್ಟು ಪೆದ್ದನಂತೆ ಕೂಡುತ್ತೇನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ದನಿಯೇ ಇಲ್ಲ, ಆದರೂ ತುಟಿ ಎಲ್ಲೂ ತಪ್ಪಿರಲಿಲ್ಲ.

ಕಾಲ್ ಮುಗಿದ ಮೇಲೆ ಅಪ್ಪನ ಮುಂದೆ ಹೋಗಿ ನಿಂತು, ನನಗೆ ಬರುವ ಕಾಲು ಪಾಲು ಕೈಮಾತಿನಲ್ಲಿ ಕೇಳಿದೆ: ಹೊಸ್ತಿಲಲ್ಲಿ ನಿಂತು ನೀನು ಅಕ್ಕನಿಗೆ ಮೊದಲು ಏನು ಹೇಳಿದೆ, ನನ್ನ ಬಗ್ಗೆಯೇ ಅಲ್ಲವೇ? ಅಪ್ಪ ಹೌದು ಅಂತ ತಲೆಯಾಡಿಸಿ ಕೈ ಎತ್ತಿದ, ಚಕಚಕನೆ ಹೇಳಿ ಇಳಿಸಿದ. ತಿಳಿಯಲಿಲ್ಲ ಅಂದೆ. ಮತ್ತೆ ಹೇಳಿದ. ಮತ್ತೆ ತಿಳಿಯಲಿಲ್ಲ.

ಆಗ ಅಪ್ಪ ನನ್ನ ಮುಖವನ್ನೇ ನೋಡುತ್ತಾ, ನೀರಿನೊಳಗೆ ಕೈ ಆಡಿಸುವಂತೆ, ಒಂದೊಂದೇ ಬೆರಳು ಎತ್ತಿ, ನಿಲ್ಲಿಸಿ, ತೋರಿಸಿ, ಇಳಿಸಿ, ನಿಧಾನವಾಗಿ, ಭಾಳ ನಿಧಾನವಾಗಿ ಹೇಳತೊಡಗಿದ.